ಗಿಣಿಶಾಸ್ತ್ರದ ಪಟಗಳು: ಇಟ್ಟುಕೊಳ್ಳತಕ್ಕದ್ದೋ, ಬಿಡತಕ್ಕದ್ದೋ?



ಒಬ್ಬನು ಕರ್ತನಾದ ಯೇಸು ಕ್ರಿಸ್ತನನ್ನು ನಂಬಿ ದೀಕ್ಷಾಸ್ನಾನ ಹೊಂದಿದಾಗ ಅವನ ಹೃದಯವು ಹೊಸದಾಗುವದು. ಆದರೆ ಅವನ ಮನೆಯು ಒಂದೇ ದಿವಸದಲ್ಲಿ ಹೊಸದಾಗುವದಿಲ್ಲ. ಗೋಡೆಯ ಗೂಡಿನಲ್ಲಿಯೂ ಅಟ್ಟದ ಮೇಲೆಯೂ ಹಳೆಯ ಕಾಲದ ಸಾಮಾನುಗಳು ಉಳಿದೇ ಇರುವವು. ಅವುಗಳಲ್ಲಿ ಕೆಲವನ್ನು ಕುರಿತು ಸಂದೇಹವಿಲ್ಲ. ತಾಮ್ರದ ಚೊಂಬು ಚೊಂಬೇ. ಅದರಲ್ಲಿ ನೀರು ಕುಡಿಯಬಹುದು. ಪೂಜೆಗೆ ಇಟ್ಟ ವಿಗ್ರಹವು ವಿಗ್ರಹವೇ. ಅದರ ಮುಂದೆ ವಿಶ್ವಾಸಿಯು ಇನ್ನು ದೀಪ ಹಚ್ಚುವದಿಲ್ಲ. ಆದರೆ ಈ ಎರಡರ ನಡುವೆ ನಿಂತಿರುವ ಕೆಲವು ವಸ್ತುಗಳುಂಟು. ಇವು ಪೂಜೆಯ ವಸ್ತುಗಳೋ, ಬರೀ ಸಾಮಾನುಗಳೋ ಎಂದು ಹೇಳುವದು ಕಷ್ಟ. ಅಂಥವುಗಳಲ್ಲಿ ಒಂದು, ದೇವತೆಗಳ ಮತ್ತು ಪುರಾಣಕಥೆಗಳ ಚಿತ್ರಗಳುಳ್ಳ ಪಟಗಳ ಕಟ್ಟು. ಇದನ್ನು ಕೆಲವರು ಬಿಡಲಾರದೆ ಇಟ್ಟುಕೊಳ್ಳುವರು. ಕೆಲವರು ಇಟ್ಟುಕೊಳ್ಳಲಾರದೆ ಬಿಡುವರು. ಯಾಕೆ ಇಟ್ಟುಕೊಳ್ಳುವರು, ಯಾಕೆ ಬಿಡುವರು, ಇವುಗಳಲ್ಲಿ ಯಾವದು ಸರಿ ಎಂಬದನ್ನು ಸತ್ಯವೇದದ ಬೆಳಕಿನಲ್ಲಿ ವಿಚಾರಿಸೋಣ.

ಗಿಣಿಶಾಸ್ತ್ರವೆಂಬದು ನಮ್ಮ ಸೀಮೆಯ ಹಿರಿಯರಿಗೆ ಹೊಸದಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲೂಕುಗಳ ಸಂತೆ ಜಾತ್ರೆಗಳಿಗೆ ಹೋದವರು ಇದನ್ನು ಬಲ್ಲರು. ಮರದ ಕೆಳಗೆ ಚಾಪೆ ಹಾಸಿ, ಸಣ್ಣ ಪಂಜರವನ್ನಿಟ್ಟು, ಮುಂದೆ ಪಟಗಳನ್ನು ಸಾಲಾಗಿ ಜೋಡಿಸಿಕೊಂಡು ಒಬ್ಬನು ಕೂತಿರುವನು. ಕೇಳಲು ಬಂದವನು ಹೆಸರು ಹೇಳಿ ಕಾಣಿಕೆ ಇಡುವನು. ಪಂಜರದ ಬಾಗಿಲು ತೆರೆಯಲು ಗಿಣಿಯು ಹೊರಗೆ ಬಂದು, ಕೊಕ್ಕಿನಿಂದ ಪಟಗಳನ್ನು ಒಂದೊಂದಾಗಿ ಎತ್ತಿ ಹಾಕುತ್ತಾ, ಕಡೆಗೆ ಒಂದನ್ನು ಆರಿಸಿ ಕೊಟ್ಟು, ಒಂದೆರಡು ಭತ್ತದ ಕಾಳನ್ನು ತಿಂದು ಒಳಗೆ ಹೋಗುವದು. ಆ ಪಟದಲ್ಲಿ ರಾಮನೋ, ಗಣಪತಿಯೋ, ಲಕ್ಷ್ಮಿಯೋ, ಶನೈಶ್ಚರನೋ ಇರುವನು. ಚಿತ್ರಕ್ಕೆ ತಕ್ಕಂತೆ ಅವನು ಒಳ್ಳೆಯದನ್ನೋ ಕೆಟ್ಟದ್ದನ್ನೋ ಹೇಳುವನು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ನಮ್ಮ ನಾಡಿನ ಗಿಣಿಗಳನ್ನು ಹಿಡಿದು ಪಂಜರದಲ್ಲಿಡುವದನ್ನು ಅಪರಾಧವೆಂದು ಎಣಿಸುತ್ತದೆ. ಆದದರಿಂದ ಈ ಕಸುಬು ಈಗ ಬಹಳ ಕಡಿಮೆಯಾಗಿದೆ. ಗಿಣಿಯು ಹಾರಿಹೋಯಿತು, ಪಟಗಳು ಮಾತ್ರ ಪೆಟ್ಟಿಗೆಯಲ್ಲಿ ಉಳಿದವು.

ಈಗ ನಮ್ಮ ಸಭೆಗಳಲ್ಲಿ ಒಬ್ಬ ಸಹೋದರನಿದ್ದಾನೆಂದು ಎಣಿಸಿರಿ. ಅವನ ತಂದೆಯು ಈ ಕಸುಬಿನಿಂದಲೇ ಮಕ್ಕಳನ್ನು ಸಾಕಿದನು. ತಂದೆ ತೀರಿಹೋದನು. ಮಗನು ಸುವಾರ್ತೆಯನ್ನು ಕೇಳಿ ಹೆಂಡತಿಮಕ್ಕಳ ಸಂಗಡ ಸಭೆಗೆ ಸೇರಿದನು. ತಂದೆಯ ಬೆರಳು ತಾಗಿ ತಾಗಿ ಅಂಚು ಸವೆದ ಆ ಪಟಗಳ ಕಟ್ಟು ತಗಡಿನ ಪೆಟ್ಟಿಗೆಯಲ್ಲಿದೆ. ಹೆಂಡತಿಯು, ‘ಅದು ಮನೆಯಲ್ಲಿರುವ ತನಕ ನನಗೆ ನಿದ್ದೆ ಬಾರದು, ಸುಟ್ಟುಹಾಕಿರಿ’ ಅನ್ನುವಳು. ಇನ್ನೂ ಹಳೆಯ ಮಾರ್ಗದಲ್ಲಿರುವ ಅಣ್ಣನು, ‘ಅಪ್ಪನ ಕೈಯ ವಸ್ತುವನ್ನು ಸುಡುತ್ತೀಯಾ ತಮ್ಮಾ? ನಿನ್ನ ಮಕ್ಕಳಿಗೆ ಒಳ್ಳೆಯದಾದೀತೇ?’ ಅನ್ನುವನು. ಪೇಟೆಯವನೊಬ್ಬನು, ‘ಹಳೆಯ ಚಿತ್ರಗಳಿಗೆ ಬೆಲೆಯುಂಟು, ಕೊಡು’ ಎಂದು ಹಣ ತೋರಿಸುವನು. ಈ ಸಹೋದರನು ಏನು ಮಾಡಬೇಕು?

ಉತ್ತರ ಕೊಡುವ ಮೊದಲು ಇಂಥ ಚಿತ್ರದ ಎಲೆಗಳ ಹುಟ್ಟನ್ನು ಸ್ವಲ್ಪ ತಿಳಕೊಳ್ಳುವದು ಒಳ್ಳೆಯದು. ಯಾಕಂದರೆ ಅನೇಕರು ಇವುಗಳಲ್ಲಿ ಅನಾದಿಕಾಲದ ಯಾವದೋ ಶಕ್ತಿ ಅಡಗಿದೆಯೆಂದು ನೆನಸಿ ಹೆದರುವರು.

ನಮ್ಮ ದೇಶದಲ್ಲಿ ಚಿತ್ರದ ಎಲೆಗಳಿಂದ ಆಡುವ ಗಂಜೀಫವೆಂಬ ಆಟವು ಮೊಗಲರ ಆಸ್ಥಾನದಲ್ಲಿ ಪ್ರಸಿದ್ಧವಾಗಿತ್ತು. ಬಾಬರ ಬಾದಶಹನು ಸಿಂಧದೇಶದ ಶಾ ಹಸನನಿಗೆ ಗಂಜೀಫದ ಎಲೆಗಳನ್ನು ಕಳುಹಿಸಿದ ಸಂಗತಿಯು 1527ರ ಅವನ ದಿನಚರಿಯಲ್ಲಿದೆ. ನಮ್ಮ ಶಿರಾ ಪಟ್ಟಣವೂ 1687ರಿಂದ ಮೊಗಲರ ಸುಬೆಯ ಮುಖ್ಯಸ್ಥಾನವಾಗಿತ್ತೆಂಬದನ್ನು ನೀವು ಬಲ್ಲಿರಿ. ಮುಂದೆ ಈ ಆಟವು ಹಿಂದೂಗಳ ಕೈಗೆ ಬಂದು ದಶಾವತಾರದ ಗಂಜೀಫವಾಯಿತು: ಹತ್ತು ಅವತಾರಗಳಿಗೆ ಹತ್ತು ಗುಂಪು, ಒಂದೊಂದು ಗುಂಪಿಗೆ ಅರಸ, ಮಂತ್ರಿ, ಒಂದರಿಂದ ಹತ್ತರ ತನಕ ಅಂಕದ ಎಲೆಗಳು, ಒಟ್ಟು 120. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಇಂಥ ಆಟಗಳಲ್ಲಿ ಬಹಳ ಆಸಕ್ತಿಯುಳ್ಳವರಾಗಿ ಹೊಸ ಹೊಸ ಕಟ್ಟುಗಳನ್ನು ಕಲ್ಪಿಸಿದರು. ಅವರ ಶ್ರೀತತ್ತ್ವನಿಧಿಯೆಂಬ ಗ್ರಂಥದ ಕೌತುಕನಿಧಿಯಲ್ಲಿ ಅವುಗಳ ವಿವರವಿದೆ. ಕೆಲವು ಕಟ್ಟುಗಳಲ್ಲಿ 300ಕ್ಕೂ ಮಿಕ್ಕ ಎಲೆಗಳಿದ್ದವು. ಇವುಗಳ ಮೇಲೆ ದೇವತೆಗಳ ಚಿತ್ರಗಳಿದ್ದವು, ನಿಜ. ಆದರೆ ಇವು ಆಡುವದಕ್ಕೆ ಮಾಡಿದವು, ಭವಿಷ್ಯ ಕೇಳುವದಕ್ಕಲ್ಲ.

ಪಶ್ಚಿಮ ದೇಶಗಳಲ್ಲಿಯೂ ಹಾಗೆಯೇ. ಈಗ ಬೆಂಗಳೂರಿಗೆ ಕೆಲಸಕ್ಕೂ ಓದಿಗೂ ಹೋದ ನಮ್ಮ ಮಕ್ಕಳು ಟ್ಯಾರೋ ಎಂಬ ಎಲೆಗಳ ಮಾತನ್ನು ಹೊತ್ತುಕೊಂಡು ಬರುತ್ತಾರೆ. ಕೆಲವರು ಮೊಬೈಲಿನಲ್ಲಿಯೇ ಅದನ್ನು ನೋಡಿಸಿಕೊಳ್ಳುತ್ತಾರೆ. ಒಂದು ಕಟ್ಟಿನಲ್ಲಿ 78 ಎಲೆಗಳು. ಇವು ಸುಮಾರು 1440ರಲ್ಲಿ ಇಟಲಿ ದೇಶದ ಪ್ರಭುಗಳು ಆಡುವದಕ್ಕೆ ಬರೆಯಿಸಿದ ಎಲೆಗಳು. 300 ವರುಷಕ್ಕೂ ಹೆಚ್ಚಾಗಿ ಜನರು ಅವುಗಳಿಂದ ಆಟವನ್ನೇ ಆಡಿದರು. 1781ರಲ್ಲಿ ಪ್ಯಾರಿಸ್ ಪಟ್ಟಣದ ಕೂರ್ ದ ಜೆಬೆಲಿನ್ ಎಂಬ ಪಂಡಿತನು ಇವು ಐಗುಪ್ತದ ಪುರಾತನ ಜ್ಞಾನದ ಗ್ರಂಥವೆಂದು ಬರೆದನು. ಆಗ ಐಗುಪ್ತದ ಚಿತ್ರಲಿಪಿಯನ್ನು ಓದಬಲ್ಲವನು ಲೋಕದಲ್ಲಿ ಒಬ್ಬನೂ ಇರಲಿಲ್ಲ. 1822ರ ತರುವಾಯ ಅದನ್ನು ಓದಿದವರು ಅಂಥ ಗ್ರಂಥವನ್ನು ಕಾಣಲಿಲ್ಲ. ಆದರೂ ಆ ಮಾತು ಹರಡಿತು; ಭವಿಷ್ಯ ಹೇಳುವವರು ಎಲೆಗಳನ್ನು ಕೈಗೆತ್ತಿಕೊಂಡರು. 1995ರಲ್ಲಿ ಇಂಗ್ಲೆಂಡಿನ ಆರ್ಥರ್ ಅರಸನ ದಂತಕಥೆಗಳನ್ನು ಚಿತ್ರಿಸಿದ ಒಂದು ಟ್ಯಾರೋ ಕಟ್ಟು ಕೂಡ ಪ್ರಕಟವಾಯಿತು. ಪುರಾಣದ ಚಿತ್ರವನ್ನು ಎತ್ತಿ ನಾಳೆಯನ್ನು ಕೇಳುವದು ನಮ್ಮ ಸಂತೆಯಲ್ಲಿ ಮಾತ್ರ ಇರುವ ರೂಢಿಯಲ್ಲ. ಬಿಳಿಯರ ದೇಶದಲ್ಲಿಯೂ ಉಂಟು. ಆದದರಿಂದ ಇದು ಹಳ್ಳಿಯವರ ಮೌಢ್ಯ, ಓದಿದವರಿಗೆ ಇಲ್ಲವೆಂದು ಯಾರೂ ಹೆಮ್ಮೆಪಡದಿರಲಿ.

ಇದರಿಂದ ನಮಗೆ ತಿಳಿಯುವದೇನು? ಒಂದೇ ಬಗೆಯ ಕಾಗದ, ಒಂದೇ ಬಗೆಯ ಬಣ್ಣ. ಒಬ್ಬನ ಕೈಯಲ್ಲಿ ಆಟ, ಇನ್ನೊಬ್ಬನ ಕೈಯಲ್ಲಿ ಕಣಿ. ಹಾಗಾದರೆ ಶಕ್ತಿಯು ಕಾಗದದಲ್ಲಿಲ್ಲ. ಲೋಕದಲ್ಲಿ ವಿಗ್ರಹವು ಏನೂ ಅಲ್ಲವೆಂದು ಅಪೊಸ್ತಲನಾದ ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 8ನೆಯ ಅಧ್ಯಾಯದಲ್ಲಿ ಕಲಿಸುತ್ತಾನೆ. ಆದರೆ ಅದೇ ಅಧ್ಯಾಯದಲ್ಲಿ ಅವನು ಮತ್ತೊಂದನ್ನೂ ಕಲಿಸುತ್ತಾನೆ: ಏನೂ ಅಲ್ಲದ ವಸ್ತುವು ಬಲಹೀನನ ಮನಸ್ಸಾಕ್ಷಿಯನ್ನು ಕಟ್ಟಿಹಾಕಬಹುದು. ಹಗ್ಗವು ಹಾವಲ್ಲ, ಆದರೂ ಕತ್ತಲೆಯಲ್ಲಿ ಹಗ್ಗವನ್ನು ಹಾವೆಂದು ನೆನಸಿದವನು ಓಡುವಾಗ ಬಿದ್ದರೆ, ಅವನ ಕಾಲು ಮುರಿಯುವದು ನಿಜವೇ. ಪಟದಲ್ಲಿ ಬಲವಿಲ್ಲ, ಪಟವನ್ನು ಕೇಳುವ ರೂಢಿಯಲ್ಲಿ ಬಲವಿದೆ. ಧರ್ಮೋಪದೇಶಕಾಂಡದ 18ನೆಯ ಅಧ್ಯಾಯದಲ್ಲಿ ದೇವರು ಕಣಿ ಕೇಳುವದನ್ನೂ ಶಕುನ ನೋಡುವದನ್ನೂ ನಿಷೇಧಿಸುವಾಗ, ಕೇಳುವ ಕ್ರಿಯೆಯನ್ನೇ ನಿಷೇಧಿಸುತ್ತಾನೆಂಬದನ್ನು ಗಮನಿಸಿರಿ.

ಹೀಗಿರಲಾಗಿ ಜನರು ಇಂಥ ಕಟ್ಟನ್ನು ಇಟ್ಟುಕೊಳ್ಳುವ ಕಾರಣಗಳನ್ನು ಒಂದೊಂದಾಗಿ ನೋಡೋಣ. ಅವು ಮುಖ್ಯವಾಗಿ ನಾಲ್ಕು.

ಮೊದಲನೆಯದು ಭಯ. ‘ಹೊರಗೆ ಹಾಕಿದರೆ ಏನಾದೀತೋ’ ಎಂದು ಇಟ್ಟುಕೊಳ್ಳುವವರು ಬಹಳ. ಕೇಳುವದನ್ನು ಬಿಟ್ಟಿದ್ದೇವೆ ಅನ್ನುವರು. ಆದರೆ ಬಿಸಾಡುವ ಧೈರ್ಯವಿಲ್ಲ. ಪಾವಗಡದ ಶನಿದೇವರ ಗುಡಿಗೆ ದೂರದೂರದಿಂದ ಜನರು ಬರುವದನ್ನು ಕಂಡು ಬೆಳೆದವನಿಗೆ ಏಳೂವರೆ ವರುಷದ ಶನಿಕಾಟದ ಭಯವು ಒಂದು ಭಾನುವಾರದ ಆರಾಧನೆಯಿಂದ ಹೋಗುವದಿಲ್ಲ; ಇದಕ್ಕಾಗಿ ನಾವು ಅವನನ್ನು ಜರಿಯಬಾರದು. ಆದರೂ ಅವನು ಒಂದನ್ನು ತಿಳಕೊಳ್ಳಬೇಕು. ಭಯದಿಂದ ಇಟ್ಟ ವಸ್ತುವಿಗೆ ಹೂವು ಹಾಕದಿದ್ದರೂ ಅದು ಪೂಜೆಯನ್ನು ಪಡೆಯುತ್ತಲೇ ಇದೆ. ಭಯವೇ ಅದರ ನೈವೇದ್ಯ.

ಎರಡನೆಯದು ಲಾಭ. ‘ಕಷ್ಟಕಾಲಕ್ಕೆ ಆದೀತು’ ಎಂದು ಇಟ್ಟುಕೊಳ್ಳುವವನು, ದೇವರು ಕೈಬಿಟ್ಟರೆ ಹಿಂದಿನ ಬಾಗಿಲು ತೆರೆದಿರಲಿ ಅನ್ನುವವನ ಹಾಗಿದ್ದಾನೆ. ಯೆರಿಕೋವಿನ ಕೊಳ್ಳೆಯಿಂದ ಆಕಾನನು ಕದ್ದ ನಿಲುವಂಗಿಯೂ ಬಂಗಾರವೂ ತಮ್ಮಷ್ಟಕ್ಕೆ ಕೆಟ್ಟವಲ್ಲ; ಗುಡಾರದ ನೆಲದಲ್ಲಿ ಬಚ್ಚಿಟ್ಟದ್ದೇ ಕೆಟ್ಟದ್ದಾಯಿತು. ಎಲ್ಲರ ಕಣ್ಣಿಗೆ ಮರೆಮಾಡಿ ಇಡಬೇಕಾದ ವಸ್ತುವಿನ ವಿಷಯದಲ್ಲಿ ನಮ್ಮ ಮನಸ್ಸೇ ಆಗಲೇ ತೀರ್ಪು ಕೊಟ್ಟಿದೆ.

ಮೂರನೆಯದು ನೆನಪು. ಇದು ಮೊದಲಿನ ಎರಡರಂತೆ ಅಲ್ಲ. ತಂದೆಯನ್ನು ಪ್ರೀತಿಸುವದು ಪಾಪವಲ್ಲ, ಆಜ್ಞೆ. ಬಿಸಿಲಲ್ಲಿ ಊರೂರು ಅಲೆದು, ಬಂದ ಕಾಸಿನಿಂದ ಮಕ್ಕಳಿಗೆ ರಾಗಿ ತಂದ ಮನುಷ್ಯನು ತನಗೆ ತಿಳಿದಷ್ಟರಲ್ಲಿ ಬದುಕಿದನು. ಅವನನ್ನು ಹೀನಾಯವಾಗಿ ಮಾತಾಡುವದು ಸುವಾರ್ತೆಗೆ ಮಾನವಲ್ಲ. ರಾಹೇಲಳು ತಂದೆಯಾದ ಲಾಬಾನನ ಮನೆಯ ವಿಗ್ರಹಗಳನ್ನು ಒಂಟೆಯ ಸಬರದೊಳಗೆ ಬಚ್ಚಿಟ್ಟು ತಂದಳೆಂದು ಆದಿಕಾಂಡದ 31ನೆಯ ಅಧ್ಯಾಯದಲ್ಲಿದೆ. ಯಾಕೆ ತಂದಳೆಂದು ಅಲ್ಲಿ ಹೇಳಿಲ್ಲ. ತೌರುಮನೆಯನ್ನು ಬಿಟ್ಟು ದೂರ ಹೋಗುವ ಮಗಳ ಮನಸ್ಸನ್ನು ನಮ್ಮ ತಾಯಂದಿರು ಬಲ್ಲರು. ಆದರೆ ತಂದೆಯ ನೆನಪಿಗೆ ಅವನ ಕೋಲು, ಅವನ ಕಂಬಳಿ, ಅವನ ಭಾವಚಿತ್ರ ಇಷ್ಟಿದ್ದರೆ ಸಾಲದೇ? ಅವನನ್ನು ನೆನಸುವದಕ್ಕೆ ಅವನು ಕಣಿ ಹೇಳಿದ ಪಟಗಳೇ ಬೇಕು ಅನ್ನುವವನು, ನಿಜವಾಗಿ ತಂದೆಯನ್ನು ನೆನಸುತ್ತಾನೋ ಪಟವನ್ನು ನೆಚ್ಚುತ್ತಾನೋ ಎಂದು ತನ್ನನ್ನೇ ಪರೀಕ್ಷಿಸಿಕೊಳ್ಳಲಿ.

ನಾಲ್ಕನೆಯದು ಚಿತ್ರದ ಅಂದ ಮತ್ತು ಕಥೆಯ ರುಚಿ. ‘ನಾನು ಇದನ್ನು ನಂಬುವದಿಲ್ಲ, ಕೈಕೆಲಸ ಚೆನ್ನಾಗಿದೆಯೆಂದು ಇಟ್ಟಿದ್ದೇನೆ’ ಎಂಬ ಮಾತನ್ನು ಸುಳ್ಳೆಂದು ತಳ್ಳಬಾರದು. ಮೋಶೆಯು ಐಗುಪ್ತದವರ ವಿದ್ಯೆಯನ್ನು ಕಲಿತನು. ದಾನಿಯೇಲನು ಬಾಬೆಲಿನ ಶಾಸ್ತ್ರವನ್ನು ಓದಿದನು. ಪೌಲನು ಅಥೇನೆಯಲ್ಲಿ ಅಲ್ಲಿಯ ಕವಿಗಳ ಮಾತನ್ನೇ ಎತ್ತಿ ಪ್ರಸಂಗಿಸಿದನು. ನೆರೆಯವರ ಕಥೆಗಳನ್ನು ತಿಳಿದಿರುವದು ಅಪರಾಧವಲ್ಲ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಗಂಜೀಫದ ಎಲೆಗಳನ್ನು ನೋಡಿ ಮೆಚ್ಚಿದವನು ವಿಗ್ರಹಾರಾಧಕನಾಗುವದಿಲ್ಲ. ಆಡುವದಕ್ಕೆ ಮಾಡಿದ ಗಂಜೀಫವು ಒಬ್ಬನ ಮನೆಯಲ್ಲಿದ್ದು, ಅದರಿಂದ ಜೂಜೂ ಇಲ್ಲದೆ ಕಣಿಯೂ ಇಲ್ಲದೆ ಇದ್ದರೆ, ಅದು ಬಿಡಲೇಬೇಕಾದ ಪಾಪವೆಂದು ನಾನು ಹೇಳಲಾರೆನು. ಆದರೆ ಕಣಿಗೆಂದೇ ಮಾಡಿ ಕಣಿಗೆಂದೇ ಸವೆದ ಕಟ್ಟಿನ ಸಂಗತಿ ಬೇರೆ. ಕಂಚಿನ ಸರ್ಪವನ್ನು ಮೋಶೆಯು ದೇವರ ಅಪ್ಪಣೆಯಿಂದಲೇ ಮಾಡಿದನು. ಅದು ನೆನಪಿನ ವಸ್ತುವೂ ಹೌದು, ಕೈಕೆಲಸವೂ ಹೌದು. ಆದರೂ ಜನರು ಅದಕ್ಕೆ ಧೂಪ ಹಾಕತೊಡಗಿದಾಗ ಹಿಜ್ಕೀಯ ಅರಸನು ಅದನ್ನು ಒಡೆದುಹಾಕಿಸಿದನು. ವಸ್ತುವಿನ ಹುಟ್ಟು ಎಷ್ಟು ಒಳ್ಳೆಯದಾದರೂ ಅದರ ಈಗಿನ ಉಪಯೋಗವೇ ತೀರ್ಪಿಗೆ ಆಧಾರ.

ಇಲ್ಲಿ ಕೆಲವರು ಒಂದು ಆಕ್ಷೇಪ ತರುವರು. ಗಿಣಿಶಾಸ್ತ್ರದ ಕೆಲವು ಕಟ್ಟುಗಳಲ್ಲಿ ಬುದ್ಧನ ಪಟವೂ ಮರಿಯಳ ಪಟವೂ ಯೇಸುವಿನ ಪಟವೂ ಸೇರಿರುವದುಂಟು. ‘ನಮ್ಮ ಸ್ವಾಮಿಯೂ ಇದರಲ್ಲಿದ್ದಾನಲ್ಲಾ, ಹೇಗೆ ಸುಡಲಿ? ಈ ಪಟ ಬಂದರೆ ಒಳ್ಳೆಯದೇ ಅಲ್ಲವೇ?’ ಎಂದು ಕೇಳುವರು. ಪ್ರಿಯರೇ, ಇದೇ ಎಲ್ಲಕ್ಕಿಂತ ದೊಡ್ಡ ಮೋಸ. ಆ ಕಟ್ಟಿನಲ್ಲಿ ಕ್ರಿಸ್ತನು ಅನೇಕ ಎಲೆಗಳಲ್ಲಿ ಒಂದು ಎಲೆ; ಗಿಣಿ ಎತ್ತಿದರೆ ಬರುವನು, ಎತ್ತದಿದ್ದರೆ ಬಾರನು. ನಮ್ಮ ಕರ್ತನು ಹಾಗಲ್ಲ. ಆತನು ನಮ್ಮನ್ನು ಆರಿಸಿಕೊಂಡನೇ ಹೊರತು, ಒಂದು ಕಾಳಿನ ಆಸೆಗೆ ಒಂದು ಹಕ್ಕಿಯು ಆತನನ್ನು ಆರಿಸಬೇಕಾಗಿಲ್ಲ. ಗುಬ್ಬಿಗಳಲ್ಲಿ ಒಂದಾದರೂ ತಂದೆಯ ಚಿತ್ತವಿಲ್ಲದೆ ನೆಲಕ್ಕೆ ಬೀಳದೆಂದು ಆತನು ಕಲಿಸಿದ್ದಾನಷ್ಟೆ. ಹಕ್ಕಿಯನ್ನೂ ನೋಡಿಕೊಳ್ಳುವವನನ್ನು ಬಿಟ್ಟು ಹಕ್ಕಿಯನ್ನೇ ಕೇಳುವದು ಎಂಥ ತಲೆಕೆಳಗಾದ ಸಂಗತಿ!

ಈಗ ಬಿಡುವವರ ಕಾರಣಗಳನ್ನು ನೋಡೋಣ. ಬಿಟ್ಟವರೆಲ್ಲರೂ ಬಿಡುಗಡೆ ಹೊಂದಿದವರಲ್ಲ.

ಕೆಲವರು ಭಯದಿಂದಲೇ ಬಿಡುವರು. ‘ಆ ಕಾಗದದಲ್ಲಿ ದೆವ್ವವಿದೆ’ ಎಂದು ನಡುಗುತ್ತಾ ಸುಡುವರು. ಮುಂದೆ ಮಗುವಿಗೆ ಜ್ವರ ಬಂದರೆ, ‘ಸುಟ್ಟದ್ದರಿಂದಲೇ ಬಂತು’ ಅನ್ನುವರು. ಇವರು ಪಟವನ್ನು ಸುಟ್ಟರು, ಭಯವನ್ನು ಸುಡಲಿಲ್ಲ. ಭಯದಿಂದ ಇಟ್ಟುಕೊಂಡವನೂ ಭಯದಿಂದ ಸುಟ್ಟವನೂ ಒಂದೇ ಒಡೆಯನ ಆಳುಗಳು. ಇನ್ನು ಕೆಲವರು ಸಭೆಯ ಮುಂದೆ ಹೆಸರಿಗಾಗಿ ಬಿಡುವರು. ಹಲವರನ್ನು ಕರೆದು, ಬೀದಿಯಲ್ಲಿ ರಾಶಿ ಹಾಕಿ, ನೆರೆಯವರು ನೋಡುವಂತೆ ತುಳಿದು ಸುಡುವರು. ಇದರಿಂದ ಯಾರೂ ಕ್ರಿಸ್ತನ ಹತ್ತಿರ ಬರುವದಿಲ್ಲ. ಅಣ್ಣನ ಮನಸ್ಸು ಮುರಿಯುವದು; ಊರಲ್ಲಿ ಜಗಳ ಹುಟ್ಟುವದು.

ಸತ್ಯವಾಗಿ ಬಿಡುವವನು ವಿಧೇಯತೆಯಿಂದಲೂ ಪ್ರೀತಿಯಿಂದಲೂ ಬಿಡುವನು. ‘ಇದರಲ್ಲಿ ಏನೂ ಇಲ್ಲ, ಆದರೂ ಇದನ್ನು ಕೇಳುತ್ತಿದ್ದ ನಾನು ಈಗ ಬೇರೊಬ್ಬನನ್ನು ಕೇಳುತ್ತೇನೆ, ಇದು ನನ್ನ ಹೆಂಡತಿಯ ಮನಸ್ಸಾಕ್ಷಿಗೆ ಭಾರ, ನಾಳೆ ನನ್ನ ಮಕ್ಕಳಿಗೆ ಎಡವುವ ಕಲ್ಲು, ಆದದರಿಂದ ಬಿಡುತ್ತೇನೆ’ ಅನ್ನುವವನ ಕೈ ನಡುಗುವದಿಲ್ಲ.

ಬಿಡುವ ರೀತಿಯನ್ನೂ ಸತ್ಯವೇದವು ತೋರಿಸುತ್ತದೆ. ಎಫೆಸದ ವಿಶ್ವಾಸಿಗಳು ಮಾಟಮಂತ್ರದ ಪುಸ್ತಕಗಳನ್ನು ತಂದು ಸುಟ್ಟರೆಂದೂ, ಅವುಗಳ ಕ್ರಯ 50,000 ಬೆಳ್ಳಿ ನಾಣ್ಯಗಳಾಯಿತೆಂದೂ ಅಪೊಸ್ತಲರ ಕೃತ್ಯಗಳ 19ನೆಯ ಅಧ್ಯಾಯದಲ್ಲಿದೆ. ಒಂದು ನಾಣ್ಯವನ್ನು ಒಬ್ಬ ಕೂಲಿಯವನ ಒಂದು ದಿವಸದ ಸಂಬಳವೆಂದು ಎಣಿಸಿದರೆ, ವಾರಕ್ಕೆ ಆರು ದಿವಸ ದುಡಿಯುವವನು ಇಷ್ಟನ್ನು ಗಳಿಸುವದಕ್ಕೆ 160 ವರುಷ ಬೇಕು. ಅವರು ಅದನ್ನು ಮಾರಿ ಬಡವರಿಗೆ ಕೊಡಬಹುದಾಗಿತ್ತಲ್ಲಾ? ಮಾರಲಿಲ್ಲ. ಯಾಕಂದರೆ ತನ್ನ ಕಾಲಿನ ಬೇಡಿಯನ್ನು ಬಿಚ್ಚಿ ಸಂತೆಯಲ್ಲಿ ಮಾರುವವನು ಇನ್ನೊಬ್ಬನ ಕಾಲಿಗೆ ಬೇಡಿ ಹಾಕುವನು. ಅವರು ತಂದದ್ದು ತಮ್ಮ ಸ್ವಂತ ಪುಸ್ತಕಗಳು, ಯಾರ ಬಲವಂತವೂ ಇಲ್ಲದೆ ತಂದರು, ಎಂಬದನ್ನೂ ಗಮನಿಸಿರಿ. ಅದೇ ಅಧ್ಯಾಯದ ಕೊನೆಯಲ್ಲಿ ಆ ಪಟ್ಟಣದ ಅಧಿಕಾರಿಯು, ಪೌಲನ ಸಂಗಡಿಗರು ದೇವಸ್ಥಾನವನ್ನು ಕೊಳ್ಳೆಹೊಡೆದವರಲ್ಲ, ದೇವಿಯನ್ನು ದೂಷಿಸಿದವರಲ್ಲ ಎಂದು ಜನರ ಮುಂದೆ ಸಾಕ್ಷಿ ಹೇಳುತ್ತಾನೆ. ನಮ್ಮ ನೆರೆಯವರು ನಮ್ಮ ವಿಷಯದಲ್ಲಿ ಹಾಗೆ ಸಾಕ್ಷಿ ಹೇಳಬಲ್ಲರೋ?

ಯಾಕೋಬನು ಇನ್ನೊಂದು ಮಾರ್ಗವನ್ನು ಹಿಡಿದನು. ತನ್ನ ಮನೆಯವರು ಒಪ್ಪಿಸಿದ ಅನ್ಯದೇವರುಗಳನ್ನು ಶೆಕೆಮಿನ ಹತ್ತಿರ ಒಂದು ಮರದ ಬುಡದಲ್ಲಿ ಹೂಣಿಟ್ಟು, ಬೇತೇಲಿಗೆ ಪ್ರಯಾಣಮಾಡಿದನು. ಗದ್ದಲವಿಲ್ಲ, ತುಳಿತವಿಲ್ಲ. ಸತ್ತವರನ್ನು ಹೂಣಿಡುವ ಹಾಗೆ ಮರ್ಯಾದೆಯಿಂದ ಮಣ್ಣಿಗೆ ಒಪ್ಪಿಸಿ ಮುಂದಕ್ಕೆ ನಡೆದನು. ಹಳ್ಳಿಯಲ್ಲಿ ನೆರೆಹೊರೆಯವರ ನಡುವೆ ಬಾಳುವ ನಮಗೆ ಇದೇ ತಕ್ಕ ಮಾದರಿಯೆಂದು ನನಗೆ ತೋರುತ್ತದೆ.

ಆದರೆ ನಾವು ಎಣಿಸಿದ ಸಹೋದರನಿಗೆ ಇನ್ನೂ ಒಂದು ತೊಡಕುಂಟು. ಆ ಕಟ್ಟು ತಂದೆಯ ಸೊತ್ತು, ಅಣ್ಣನಿಗೂ ಪಾಲುಂಟು. ತನ್ನದಲ್ಲದ್ದನ್ನು ಸುಡುವ ಅಧಿಕಾರ ಯಾರಿಗೂ ಇಲ್ಲ. ದೇವರಿಗೆ ವಿಧೇಯನಾಗುವದಕ್ಕೋಸ್ಕರ ಅಣ್ಣನ ಪಾಲನ್ನು ಹಾಳುಮಾಡುವವನು ಒಂದು ಆಜ್ಞೆಯನ್ನು ಕೈಕೊಳ್ಳಲು ಇನ್ನೊಂದನ್ನು ಮೀರುತ್ತಾನೆ. ‘ಅಣ್ಣಾ, ಇನ್ನು ನಾನು ಇದನ್ನು ಇಟ್ಟುಕೊಳ್ಳಲಾರೆನು. ಇದಕ್ಕೆ ಹೆದರಿ ಅಲ್ಲ, ಅಪ್ಪನ ಮೇಲೆ ಸಿಟ್ಟಿನಿಂದಲೂ ಅಲ್ಲ. ಇದನ್ನು ಹೂಣಿಡಬೇಕೆಂದು ನನ್ನ ಇಷ್ಟ. ನಿನ್ನ ಪಾಲು ನಿನ್ನದು, ನೀನು ಹೇಳು’ ಎಂದು ಸಮಾಧಾನದಿಂದ ಕೇಳಲಿ. ಅಣ್ಣನು ತನಗೆ ಬೇಕೆಂದರೆ ಕಾಸು ತಕ್ಕೊಳ್ಳದೆ ಒಪ್ಪಿಸಿಬಿಡಲಿ. ಹಣಕ್ಕೆ ಮಾರುವದು ಬೇರೆ, ಇನ್ನೊಬ್ಬನದನ್ನು ಇನ್ನೊಬ್ಬನಿಗೆ ಕೊಡುವದು ಬೇರೆ. ಆ ಕಟ್ಟು ನಿಜವಾಗಿ ಹಳೆಯ ಕೈಬರಹದ ಚಿತ್ರಗಳಾಗಿದ್ದರೆ, ಇಬ್ಬರೂ ಒಪ್ಪಿ ವಸ್ತುಸಂಗ್ರಹಾಲಯಕ್ಕೆ ದಾನಮಾಡುವದೂ ಒಂದು ದಾರಿ. ಅಲ್ಲಿ ಜನರು ಅದನ್ನು ನೋಡುವರು, ಕೇಳುವದಿಲ್ಲ.

ಇಷ್ಟರ ತನಕ ನೆರೆಯವರ ಪಟಗಳ ಮಾತಾಡಿದೆವು. ಈಗ ನಮ್ಮ ಪೆಟ್ಟಿಗೆಯನ್ನೂ ತೆರೆಯೋಣ. ವರುಷದ ಕೊನೆಯ ರಾತ್ರಿಯ ಆರಾಧನೆಯಲ್ಲಿ ಕೆಲವು ಸಭೆಗಳವರು ಸತ್ಯವೇದದ ವಾಗ್ದಾನಗಳನ್ನು ಅಚ್ಚುಹಾಕಿದ ಚೀಟಿಗಳನ್ನು ತಟ್ಟೆಯಲ್ಲಿಟ್ಟು, ಒಬ್ಬೊಬ್ಬರೂ ಒಂದನ್ನು ಎತ್ತಿಕೊಳ್ಳುವ ಪದ್ಧತಿಯುಂಟು. ದೇವರ ವಾಕ್ಯವನ್ನು ಮನೆಗೆ ಒಯ್ದು ಗೋಡೆಗೆ ಹಚ್ಚಿ ಧ್ಯಾನಿಸುವದು ಒಳ್ಳೆಯದು. ಆದರೆ ಒಬ್ಬಳು ಎತ್ತಿದ ಚೀಟಿಯಲ್ಲಿ ಕಷ್ಟದ ಮಾತಿದ್ದರೆ ಮುಖ ಬಾಡಿಸಿ ಅದನ್ನು ತಿರುಗಿ ಇಟ್ಟು ಬೇರೊಂದನ್ನು ಎತ್ತಿದರೆ, ಅಲ್ಲಿ ನಡೆದದ್ದೇನು? ಗಿಣಿಯೊಂದಿಲ್ಲ, ಅಷ್ಟೆ. ಕಣ್ಣು ಮುಚ್ಚಿ ಸತ್ಯವೇದವನ್ನು ತೆರೆದು, ಬೆರಳು ಇಟ್ಟಲ್ಲಿ ಬಂದ ವಚನದಿಂದ ಮಗಳ ಮದುವೆಯನ್ನು ನಿರ್ಣಯಿಸುವವನೂ ಹಾಗೆಯೇ. ಪರಿಶುದ್ಧ ಗ್ರಂಥವನ್ನೇ ಕಣಿಯ ಕಟ್ಟನ್ನಾಗಿ ಮಾಡಬಹುದು.

‘ಅಪೊಸ್ತಲರೇ ಚೀಟು ಹಾಕಲಿಲ್ಲವೇ?’ ಎಂದು ಕೇಳಬಹುದು. ಹಾಕಿದರು. ಆದರೆ ಮೊದಲು ತಕ್ಕ ಇಬ್ಬರನ್ನು ವಿವೇಕದಿಂದ ನಿಲ್ಲಿಸಿದರು, ಪ್ರಾರ್ಥಿಸಿದರು, ಆ ಮೇಲೆ ಚೀಟು ಹಾಕಿ ಮತ್ತೀಯನನ್ನು ಸೇರಿಸಿಕೊಂಡರು. ಪಂಚಾಶತ್ತಮ ದಿವಸದಲ್ಲಿ ಪವಿತ್ರಾತ್ಮನು ಬಂದ ಮೇಲೆ ಆ ಪುಸ್ತಕದಲ್ಲಿ ಅವರು ಮತ್ತೊಮ್ಮೆ ಚೀಟು ಹಾಕಿದ ಸಂಗತಿಯೇ ಇಲ್ಲ. ಕೂಡಿಬಂದು, ಮಾತಾಡಿ, ಪ್ರಾರ್ಥಿಸಿ ನಿರ್ಣಯಿಸಿದರು. ನಮ್ಮ ತುಮಕೂರು ಸೀಮೆಗೆ ಸುವಾರ್ತೆಯನ್ನು ತಂದ ವೆಸ್ಲಿಯನ್ ಮಿಶನ್ನಿಗೆ ಯಾರ ಹೆಸರಿತ್ತೋ ಆ ಜಾನ್ ವೆಸ್ಲಿಯವರ ಚರಿತ್ರೆಯಲ್ಲಿಯೂ ಒಂದು ಪಾಠವುಂಟು. 1739ರ ಮಾರ್ಚಿ ತಿಂಗಳಲ್ಲಿ ಬ್ರಿಸ್ಟಲ್ ಪಟ್ಟಣಕ್ಕೆ ಹೋಗಬೇಕೋ ಬೇಡವೋ ಎಂದು ಅವರೂ ಸಂಗಡಿಗರೂ ಸತ್ಯವೇದವನ್ನು ತೆರೆದು ನೋಡಿದಾಗ ಬಂದ ವಚನಗಳಲ್ಲಿ ಹಲವು ಮರಣದ ಮಾತುಗಳಾಗಿದ್ದವು. ಕಡೆಗೆ ಚೀಟು ಹಾಕಿ ಹೋಗುವದೆಂದು ನಿರ್ಣಯವಾಯಿತು. ಅವರು ಹೋದರು, ಏಪ್ರಿಲ್ 2ರಂದು ಬಯಲಿನಲ್ಲಿ ನಿಂತು ಪ್ರಸಂಗಿಸಿದರು, 1791ರ ವರೆಗೆ ಬದುಕಿ ಸಾವಿರಾರು ಜನರಿಗೆ ಸುವಾರ್ತೆ ಸಾರಿದರು. ಭಯಹುಟ್ಟಿಸಿದ ಆ ವಚನಗಳನ್ನು ಕಣಿಯೆಂದು ಎಣಿಸಿ ಮನೆಯಲ್ಲಿ ಕೂತಿದ್ದರೆ ಏನಾಗುತ್ತಿತ್ತು!

ಕಡೆಯದಾಗಿ, ಜನರು ಯಾಕೆ ಕೇಳಹೋಗುತ್ತಾರೆಂಬದನ್ನು ನಾವು ಮರೆಯಬಾರದು. ನಮ್ಮ ಸೀಮೆಯ ಮಳೆಯು ನೆಚ್ಚತಕ್ಕದ್ದಲ್ಲ. ಕಡಲೆಕಾಯಿ ಬಿತ್ತಿದವನು ಆಕಾಶವನ್ನು ನೋಡುತ್ತಾನೆ. ಸಾಲಮಾಡಿ ಕೊಳವೆಬಾವಿ ಕೊರೆಯಿಸುವವನು, ಸಾವಿರ ಅಡಿಗೂ ನೀರು ಸಿಕ್ಕದಿದ್ದರೆ ಮನೆ ಮುಳುಗುವದೆಂದು ತಿಳಿದು, ಅಂಗೈಯ ಮೇಲೆ ತೆಂಗಿನಕಾಯಿ ಇಟ್ಟು ನೀರು ತೋರಿಸುವವನ ಹಿಂದೆ ನಡೆಯುತ್ತಾನೆ. ಮದುವೆಯಾಗದ ಮಗಳು, ಊರು ಬಿಟ್ಟುಹೋದ ಮಗ, ತೀರದ ಕಾಯಿಲೆ, ಇವುಗಳ ಭಾರ ಹೊತ್ತ ತಾಯಿ ಚಾಪೆಯ ಮುಂದೆ ಕೂರುತ್ತಾಳೆ. ಗಿಣಿಶಾಸ್ತ್ರದವನು ಹೇಳಿದ್ದು ಸುಳ್ಳಾಗಿರಬಹುದು. ಆದರೆ ಅವನು ಅವಳ ಹೆಸರು ಕೇಳಿದನು, ಅವಳ ಮುಖ ನೋಡಿದನು, ಅವಳ ಚಿಂತೆಗೆ ಕಾಲು ಗಂಟೆ ಕೊಟ್ಟನು. ಆ ತಾಯಿ ನಮ್ಮ ಆರಾಧನೆಗೆ ಬಂದು ಹೋಗುವಾಗ ಅವಳ ಚಿಂತೆಯನ್ನು ಯಾರು ಕೇಳಿದರು? ಪಟಗಳನ್ನು ಬಿಡಿರೆಂದು ಹೇಳುವ ಸಭೆಯು ಅವುಗಳ ಸ್ಥಳದಲ್ಲಿ ಏನನ್ನು ಕೊಡುತ್ತದೆ? ಉಪದೇಶಿಯೂ ಹಿರಿಯರೂ ನೆರೆಮನೆಯ ವಿಶ್ವಾಸಿಯೂ ಅವಳ ಜಗಲಿಯಲ್ಲಿ ಕೂತು, ಕೇಳಿ, ಪ್ರಾರ್ಥಿಸಿ, ಬೇಕಾದಲ್ಲಿ ಆಸ್ಪತ್ರೆಗೂ ಕಚೇರಿಗೂ ಸಂಗಡ ಹೋಗದಿದ್ದರೆ, ಪೆಟ್ಟಿಗೆಯ ಕಟ್ಟು ಮಣ್ಣಿಗೆ ಹೋದರೂ ಸಂತೆಯ ಚಾಪೆಯು ಅವಳನ್ನು ಕರೆಯುತ್ತಲೇ ಇರುವದು.

ಆದದರಿಂದ ಪ್ರಿಯರೇ, ಇಂಥ ವಸ್ತುವು ಯಾರ ಮನೆಯಲ್ಲಾದರೂ ಇದ್ದರೆ ಅವರು ತಮ್ಮನ್ನು ಒಂದೇ ಪ್ರಶ್ನೆ ಕೇಳಿಕೊಳ್ಳಲಿ: ‘ಇದು ಇಲ್ಲದೆ ನಾಳೆಯ ದಿವಸವನ್ನು ಎದುರುಗೊಳ್ಳಬಲ್ಲೆನೋ?’ ಬಲ್ಲೆನೆಂದು ಹೃದಯವು ಹೇಳಿದರೆ ಬಿಡುವದು ಸುಲಭ. ಬಲ್ಲೆನೆನ್ನಲಾರದಿದ್ದರೆ ಬಿಡುವದು ಅವಶ್ಯ. ಇಟ್ಟುಕೊಂಡವನನ್ನು ಸಭೆಯು ದೂಡದಿರಲಿ, ಅವನ ಸಂಗಡ ಕಾಯಲಿ. ಬಿಟ್ಟವನು ಹೆಮ್ಮೆಪಡದಿರಲಿ. ನಾಳೆ ಏನಾಗುವದೆಂದು ನಮಗೆ ತಿಳಿಯದು. ನಾಳೆಯು ಯಾರ ಕೈಯಲ್ಲಿದೆಯೋ ಆತನನ್ನು ನಾವು ಬಲ್ಲೆವು. ಆತನ ಕೈಯಲ್ಲಿ ಮೊಳೆಯ ಗುರುತುಗಳಿವೆ. ಆ ಕೈ ನಮ್ಮ ಮೇಲೆಯೂ ನಮ್ಮ ಮಕ್ಕಳ ಮೇಲೆಯೂ ನಮ್ಮ ನೆರೆಯವರ ಮೇಲೆಯೂ ಇರಲಿ. ಆಮೆನ್.